ಅವನ ಸಾಲಿನ ಹುರುಳಿ

ಬೀಜ ಆರಿಸಿದವಳು ನಾನು, ಬೀಜದ ಜೊತೆ ಮುಂಬಯಿಗೆ ಹೋದವನು ಅವನು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ, ಹಾಗಾಗಿ ಹೇಳುವುದನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ, ಕೆಂಪು ಮಸಾರಿ ನೆಲದಲ್ಲಿ, ಒಂದು ಸಣ್ಣ ಬೆಳೆ ಸಂಶೋಧನಾ ಕೇಂದ್ರವಿತ್ತು. ಒಬ್ಬರು ಸಾಹೇಬರು, ಇಬ್ಬರು ತಾತ್ಕಾಲಿಕ ಸಹಾಯಕರು, ಹೊಲದ ಕೆಲಸಕ್ಕೆ ಸುತ್ತಲ ಹಳ್ಳಿಯ ಹೆಣ್ಣಾಳುಗಳು. ಸಹಾಯಕರಲ್ಲಿ ಒಬ್ಬಳು ನಾನು. ಇನ್ನೊಬ್ಬ ಕೊಟ್ಟೂರಿನ ಎಣ್ಣೆ ಗಾಣದವರ ಮನೆಯ ಮಗ. ಇಬ್ಬರೂ ಒಂದೇ ವರ್ಷ ಕೃಷಿ ಪದವಿ ಮುಗಿಸಿದವರು. ನನಗೆ ಅವನಿಗಿಂತ ಹೆಚ್ಚು ಅಂಕ ಬಂದಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಚೆನ್ನಾಗಿರುವುದಿಲ್ಲ.

ನಮ್ಮ ಕಡೆಯ ಹುರುಳಿಯ ಸಮಸ್ಯೆ ಎಲ್ಲರಿಗೂ ಗೊತ್ತು. ಅದು ಗಿಡವಲ್ಲ, ಬಳ್ಳಿ. ಒಂದರ ಮೇಲೊಂದು ಹೊರಳಿ ಹೆಣೆದುಕೊಳ್ಳುತ್ತದೆ. ತಡವಾಗಿ ಕಾಯಿ ಬಿಡುತ್ತದೆ, ಬಿಟ್ಟದ್ದೂ ಒಮ್ಮೆಗೇ ಮಾಗುವುದಿಲ್ಲ. ನೆಟ್ಟಗೆ ನಿಂತು ಬೇಗ ಮಾಗುವ ಹುರುಳಿಯೊಂದು ಬೇಕು ಎಂಬುದು ಸಾಹೇಬರ ಹಂಬಲ. ಇದ್ದ ತಳಿಗಳಲ್ಲಿ ಅಂಥದ್ದು ಇರಲಿಲ್ಲ. ಇಲ್ಲದ್ದನ್ನು ಹುಟ್ಟಿಸಬೇಕಾದರೆ ಬೀಜಕ್ಕೆ ಗಾಮಾ ಕಿರಣ ಹಾಯಿಸಬೇಕು. ಆ ಸೌಲಭ್ಯ ಇದ್ದದ್ದು ಮುಂಬಯಿಯ ಅಣು ಸಂಶೋಧನಾ ಕೇಂದ್ರದಲ್ಲಿ. ಕಿರಣ ಬೀಜದೊಳಗಿನ ವಂಶವಾಹಿಗಳಿಗೆ ಕುರುಡಾಗಿ ಪೆಟ್ಟು ಕೊಡುತ್ತದೆ. ಬಹಳಷ್ಟು ಪೆಟ್ಟುಗಳು ಗಿಡವನ್ನು ಕೆಡಿಸುತ್ತವೆ. ಅಪರೂಪಕ್ಕೆ ಒಂದು ಪೆಟ್ಟಿನಿಂದ ನಮಗೆ ಬೇಕಾದ ಗುಣ ಹೊರಗೆ ಬರುತ್ತದೆ.

ಗುಡೇಕೋಟೆ ಕಡೆಯಿಂದ ತರಿಸಿದ ಹುರುಳಿಯನ್ನು ವಾರಗಟ್ಟಲೆ ಕುಳಿತು ಆರಿಸಿದೆ. ಹುಳು ಕೊರೆದದ್ದು, ಮುದುಡಿದ್ದು, ಬಣ್ಣ ತಪ್ಪಿದ್ದು ಎಲ್ಲ ಹೊರಗೆ. ಉಳಿದದ್ದನ್ನು ತೆಳು ಬಟ್ಟೆಯ ಚೀಲಕ್ಕೆ ತುಂಬಿ, ಗ್ಲಿಸರಿನ್ ಬೆರೆಸಿದ ನೀರಿನ ಮೇಲೆ ತೂಗುವಂತೆ ಗಾಜಿನ ಜಾಡಿಯಲ್ಲಿಟ್ಟು ಮುಚ್ಚಿದೆ. ಎಲ್ಲ ಕಾಳಿನ ತೇವ ಒಂದೇ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಒಂದೇ ಪ್ರಮಾಣದ ಕಿರಣಕ್ಕೆ ಒಣಗಿದ ಕಾಳು ಹೆಚ್ಚು ಕೆಡುತ್ತದೆ, ತೇವದ್ದು ಕಡಿಮೆ ಕೆಡುತ್ತದೆ. ಜಾಡಿಯ ಮುಚ್ಚಳದ ಅಂಚಿಗೆ ವ್ಯಾಸಲೀನ್ ಹಚ್ಚಿ, ಮನೆಯ ಹಾಲಿನ ಪಾತ್ರೆಯನ್ನು ನೋಡುವ ಹಾಗೆ ದಿನವೂ ನೋಡುತ್ತಿದ್ದೆ. ಎಲ್ಲ ಮುಗಿದ ಮೇಲೆ ಸಾಹೇಬರು, "ಅಷ್ಟು ದೂರ ಹೆಣ್ಣುಮಗಳನ್ನ ಒಬ್ಬಾಕಿನ್ನ ಹೆಂಗ ಕಳಿಸೂದು?" ಎಂದು ಅವನನ್ನು ಕಳಿಸಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು.

ಅವನು ವಾಪಸು ಬಂದು ಸೀಸದ ಗೋಡೆ, ಕಿರಣ ಸೂಸುವ ಕೋಬಾಲ್ಟ್ ಇಟ್ಟ ಕೋಣೆ, ಬೀಜ ಹೊತ್ತು ತಾನಾಗಿ ಒಳಗಿಳಿಯುವ ತೊಟ್ಟಿಲು ಎಂದು ತಿಂಗಳಿಡೀ ವರ್ಣಿಸಿದ. ಸಮುದ್ರವನ್ನೂ ನೋಡಿಬಂದಿದ್ದ. ಕಾಳು ಮಾತ್ರ ನಾನು ಕಳಿಸಿದ ಹಾಗೇ ಇದ್ದವು. ಆಳುಗಳು ಅವನ್ನು ಮುಟ್ಟಲು ಒಪ್ಪಲಿಲ್ಲ.

"ಇದಕ್ಕ ಕರೆಂಟ್ ಹಾಕ್ಯಾರಂತಲ್ರಿ ಅಕ್ಕಾರ? ಮುಟ್ಟಿದ್ರ ಜುಮ್ ಅಂತೈತೇನು?"

ಕಿರಣ ಹಾದು ಹೋಗೈತಿ, ಕಾಳಿನೊಳಗೆ ಕುಂತಿಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಟಕಟ ಕಡಿದು ತೋರಿಸಿದೆ. ಆಳುಗಳು ನಕ್ಕು ಬಿತ್ತನೆಗೆ ಇಳಿದರು. ಅವನು ಮಾತ್ರ, "ಮುಂಬಯಿಂದ ಹೊತ್ತು ತಂದದ್ದನ್ನ ತಿಂದಬಿಟ್ರಲ್ರಿ!" ಎಂದ. ತಮಾಷೆಗೇ ಅಂದದ್ದು. ನನಗೆ ಮೈ ಉರಿಯಿತು.

ಕಿರಣದ ಪ್ರಮಾಣ ನಾಲ್ಕು ಬಗೆ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಕಿಲೋರಾಡ್. ಒಂದೊಂದು ಪ್ರಮಾಣದ ಬೀಜಕ್ಕೆ ಹೊಲದಲ್ಲಿ ಒಂದೊಂದು ತಾಕು. ಸಾಹೇಬರು ನನಗೆ ಹತ್ತು ಮತ್ತು ನಲವತ್ತು ಕೊಟ್ಟರು, ಅವನಿಗೆ ನಡುವಿನ ಎರಡು. ಹತ್ತೆಂದರೆ ಬೀಜಕ್ಕೆ ಕಚಗುಳಿ ಇಟ್ಟ ಹಾಗೆ, ನಲವತ್ತೆಂದರೆ ಕುತ್ತಿಗೆ ಹಿಚುಕಿದ ಹಾಗೆ. ಏನಾದರೂ ಹುಟ್ಟುವುದಿದ್ದರೆ ನಡುವಿನಲ್ಲೇ ಎಂಬುದು ಪುಸ್ತಕ ಓದಿದವರಿಗೆಲ್ಲ ಗೊತ್ತು. ನಾನು ಕೇಳಿದ್ದಕ್ಕೆ ಸಾಹೇಬರು, "ಯಾರಾದರೂ ಬಿತ್ತಲೇಬೇಕಲ್ಲಮ್ಮ" ಎಂದರು. ಅದೇ ದಿನ ಇನ್ನೊಂದು ಮಾತನ್ನೂ ಹೇಳಿದರು. ಯಾರ ತಾಕಿನಲ್ಲಿ ನೆಟ್ಟಗಿನ ಗಿಡ ಸಿಕ್ಕು, ಅದರ ಮಕ್ಕಳೂ ಹಾಗೇ ನಿಲ್ಲುತ್ತವೋ ಅವರನ್ನು ಸರ್ಕಾರದ ಖರ್ಚಿನಲ್ಲಿ ಎಂ.ಎಸ್ಸಿ. ಓದಲು ಕಳಿಸುತ್ತೇವೆ. ಒಬ್ಬರಿಗೆ ಮಾತ್ರ ಅವಕಾಶ.

ನನ್ನಪ್ಪ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಜವಾನ. ಓದಿಗೆ ಸರ್ಕಾರದ ಖರ್ಚು ಸಿಗದಿದ್ದರೆ ನನಗೆ ಓದೇ ಇರಲಿಲ್ಲ. ಅವನಿಗೆ ಗಾಣವಿತ್ತು, ಹೊಲವಿತ್ತು, ಬೇಕೆಂದರೆ ಸ್ವಂತ ದುಡ್ಡಿನಲ್ಲೇ ಓದಬಹುದಿತ್ತು. ಇದನ್ನು ನಾನು ಯಾರ ಎದುರೂ ಆಡಲಿಲ್ಲ. ಒಳಗೊಳಗೇ ರುಬ್ಬುತ್ತಿದ್ದೆ.

ಮೊದಲ ಪೀಳಿಗೆಯಲ್ಲಿ ಏನೂ ಹುಡುಕಬಾರದು. ಪೆಟ್ಟು ತಿಂದ ಬೀಜದ ಗಿಡ ಬರೀ ಗಾಯ ತೋರಿಸುತ್ತದೆ, ಬದಲಾದ ಗುಣ ಕಾಣುವುದು ಅದರ ಮಕ್ಕಳಲ್ಲಿ. ಆದರೂ ನೋಡದೆ ಇರಲು ಆಗಲಿಲ್ಲ. ನನ್ನ ಹತ್ತರ ತಾಕು ಊರ ಹುರುಳಿಯ ಹಾಗೇ ಬೆಳೆದಿತ್ತು. ನಲವತ್ತರದ್ದು ಮೊಳೆತದ್ದೇ ಅರೆಬರೆ. ಎಲೆ ಸುಕ್ಕು, ಕಾಂಡ ಗಿಡ್ಡ, ಹೂವಾದರೂ ಕಾಯಿ ಕಟ್ಟದು. ಒಂದೊಂದು ಗಿಡದಿಂದ ಎರಡು ಮೂರು ಕಾಳು ಸಿಕ್ಕರೆ ಭಾಗ್ಯ. ಅವನ ತಾಕಿನ ಗಿಡಗಳು ತುಸು ಕುಗ್ಗಿದ್ದರೂ ಚೆನ್ನಾಗಿ ಕಾಯಿ ಬಿಟ್ಟವು. ಗಿಡಕ್ಕೊಂದು ಕಾಗದದ ಲಕೋಟೆಯಂತೆ ಬಿಡಿಸಿಟ್ಟೆವು. ಅವನ ಲಕೋಟೆಗಳಿಗೆ ಪೆಟ್ಟಿಗೆ ಸಾಲಲಿಲ್ಲ. ನನ್ನವು ಕೈಚೀಲದಲ್ಲಿ ಹಿಡಿದವು.

ಎರಡನೇ ವರ್ಷ ಒಂದು ಗಿಡದ ಕಾಳಿಗೆ ಒಂದು ಸಾಲು ಎಂದು ಬಿತ್ತಿದೆವು. ಮೊಳಕೆ ಎದ್ದ ಮೊದಲ ದಿನಗಳಲ್ಲಿ ಬೆಳಗಿನ ತಂಪಿನಲ್ಲಿ ಸಾಲು ಸಾಲು ಕೂತು ನೋಡಬೇಕು. ಕೆಲವು ಸಸಿಗಳು ಪೂರ್ತಿ ಬಿಳಿ ಬರುತ್ತವೆ, ಕೆಲವು ಹಳದಿ. ಹಸಿರಿಲ್ಲದ ಅವು ಬದುಕುವುದಿಲ್ಲ, ಆದರೆ ಕಿರಣದ ಪೆಟ್ಟು ವಂಶಕ್ಕೆ ಇಳಿದಿದೆ ಎಂಬುದಕ್ಕೆ ಅವೇ ಸಾಕ್ಷಿ. ಅವನ ಮೂವತ್ತರ ತಾಕಿನಿಂದ "ಇಲ್ಲೊಂದು! ಇಲ್ಲೂ ಒಂದು!" ಎಂಬ ಕೂಗು ಬರುತ್ತಲೇ ಇತ್ತು. ನಾನು ನೀರಿನ ಕೊಡ ಹುಡುಕುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅವನಾದರೋ ನನ್ನ ತಾಕಿಗೂ ಬಂದು ಮಂಡಿಯೂರಿ ಹುಡುಕಿಕೊಡುತ್ತಿದ್ದ. ಬಿಸಿಲು ಹೆಚ್ಚಾದರೆ ತನ್ನ ಕೊಡೆ ಕೊಡುತ್ತಿದ್ದ. ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ದಣಿವಿನ ಕೆಲಸ.

ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ಹೊತ್ತಿಗೆ ಪೈರು ಬಸುರಿ ಎಂದು ಲೆಕ್ಕ. ಹೊಲಕ್ಕೆ ಬುತ್ತಿ ಒಯ್ದು, ಕಲ್ಲು ತೊಳೆದು ಸುಣ್ಣ ಹಚ್ಚಿ, ಬಸುರಿ ಹೆಣ್ಣಿಗೆ ಬಯಕೆಯ ಊಟ ಉಣಿಸಿದ ಹಾಗೆ ಪೈರಿಗೆ ಎಡೆ ಇಟ್ಟು, ಆ ಎಡೆಯನ್ನೇ ಹೊಲದ ಸುತ್ತ ಎರಚಿ ಚರಗ ಚೆಲ್ಲುತ್ತಾರೆ. ಕೇಂದ್ರದ ಆಳುಗಳು ಪ್ರತಿ ವರ್ಷ ಇದನ್ನು ನಮ್ಮ ಜೋಳದ ತಾಕಿನಲ್ಲಿ ಮಾಡುತ್ತಿದ್ದರು. ಆ ವರ್ಷ ಜೋಳ ಬಿತ್ತಿರಲಿಲ್ಲ, ಎಲ್ಲ ಹುರುಳಿಯೇ. ಸಾಹೇಬರು ಊರಲ್ಲಿರಲಿಲ್ಲ. ಅವನು ತಮ್ಮ ಹೊಲದ ಪೂಜೆಗೆ ಕೊಟ್ಟೂರಿಗೆ ಹೋಗಿದ್ದ. ನಮ್ಮ ಮನೆಯಲ್ಲಿ ಅಪ್ಪ ಬುದ್ಧನ ಪಟ ತಂದು ಹಾಕಿದ ಮೇಲೆ ಹೊಲದ ಪೂಜೆ ಇರಲಿಲ್ಲ. ಅಸಲಿಗೆ ಹೊಲವೇ ಇರಲಿಲ್ಲ. ಹಾಗಾಗಿ ಕಾವಲಿಗೆ ಉಳಿದವಳು ನಾನು.

ಆಳುಗಳಲ್ಲಿ ಹಿರಿಯಳು ಗುಡೇಕೋಟೆ ಕಡೆಯವಳು, ಉಳಿದವರಿಗೆಲ್ಲ ಅವಳದೇ ಮಾತು. ಬುತ್ತಿ ಹೊತ್ತು ಹುರುಳಿ ತಾಕಿನ ನಡುವೆ ನಿಂತು ಬೇಜಾರು ಮಾಡಿಕೊಂಡಳು. "ಬರೀ ಬಳ್ಳಿ ಹರದೈತಿ. ಹೂವಿಲ್ಲ, ಕಾಯಿಲ್ಲ. ಬಸುರಿನ ಆಗದಾಕಿಗೆ ಬಯಕಿ ಊಟ ಹೆಂಗ ಹಾಕೂದವ್ವಾ?"

ಹೆಂಗಸರು ಬದುವಿನ ಗುಂಟ ಹುಡುಕುತ್ತಾ ಹೊರಟರು. ಸ್ವಲ್ಪ ಹೊತ್ತಿಗೆ ಒಬ್ಬಳು ಕೂಗಿದಳು: "ಇಲ್ಲೊಬ್ಬಾಕಿ ಬಸುರಿ ಅದಾಳ, ಬರ್ರಿ!"

ಹೋಗಿ ನೋಡಿದೆ. ಸುತ್ತಲಿನ ಬಳ್ಳಿಗಳ ನಡುವೆ ಮೊಣಕಾಲುದ್ದದ ಒಂದು ಗಿಡ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತ್ತು. ಬಳ್ಳಿಯ ಕುಡಿಯೇ ಇಲ್ಲ. ಬುಡದಿಂದ ತುದಿಯವರೆಗೆ ಎಳೆ ಕುಡುಗೋಲಿನಂಥ ಕಾಯಿ, ಕೆಳಗಿನವು ಆಗಲೇ ಕಾಳು ತುಂಬಿ ಉಬ್ಬಿದ್ದವು. ಸುತ್ತಲಿನವು ಇನ್ನೂ ಹೂವೇ ಬಿಟ್ಟಿರಲಿಲ್ಲ. ಸಾಲಿನ ಗೂಟ ನೋಡಿದೆ. ಅವನ ಮೂವತ್ತರ ತಾಕು. ಬದು ದಾಟಿದರೆ ನನ್ನ ನಲವತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರು ಗಿಡಕ್ಕೆ ಅರಿಸಿನ ಕುಂಕುಮ ಇಟ್ಟು, ಹಸಿರು ಬಳೆ ಏರಿಸಿ, ಕಡುಬು, ಸಜ್ಜೆ ರೊಟ್ಟಿ, ಪುಂಡಿ ಪಲ್ಯದ ಎಡೆ ಹಿಡಿದರು. ಪೂಜೆ ಮುಗಿದ ಮೇಲೆ ನಾನು, ಕಾಯಿ ಮಾಗಿದ ಮೇಲೆ ಇದನ್ನು ಬೇರೆಯಾಗಿ ಬಿಡಿಸಿ ಇಡಬೇಕು, ಯಾರೂ ಮುಟ್ಟಬೇಡಿ ಎಂದೆ.

"ಬಿಡಸೂದಾ?" ಹಿರಿಯಳು ನನ್ನನ್ನು ದುರುಗುಟ್ಟಿ ನೋಡಿದಳು. "ಬಯಕಿ ಉಂಡಾಕಿ ಹೊಟ್ಟಿಗೆ ಕೈ ಹಾಕ್ತಾರೇನ? ಎಡಿ ಹಿಡಿದ ಗಿಡದ ಕಾಯಿ ಹಕ್ಕಿ ಪಾಲು. ನಮ್ಮ ಕಡಿ ಹಂಗ ಪದ್ಧತಿ."

"ಹಕ್ಕಿ ತಿಂದ್ರ ಈ ಜಾತಿ ಹುರಳಿನ ಮುಗೀತವ್ವ. ಇಂಥಾದ್ದು ಇನ್ನೊಂದಿಲ್ಲ."

"ಇಲ್ಲದಿದ್ರ ಇಲ್ಲ. ಪಾಪ ಕಟ್ಟಿಕೊಂಡು ಬೆಳಿ ಬೆಳೀತಾರೇನು?"

ಸರ್ಕಾರದ ಗಿಡ ಎಂದೆ, ಸಾಹೇಬರಿಗೆ ಹೇಳುತ್ತೇನೆ ಎಂದೆ, ಯಾವುದೂ ನಡೆಯಲಿಲ್ಲ. ಸಾಹೇಬರು ಬಂದು ಗದರಿಸಿ ಬಿಡಿಸಿಕೊಳ್ಳಬಹುದಿತ್ತು ನಿಜ, ಆದರೆ ಆಮೇಲೆ ಆ ಹೊಲಕ್ಕೆ ಒಬ್ಬ ಆಳೂ ಕಾಲಿಡುತ್ತಿರಲಿಲ್ಲ. ಸಾಕಾಗಿ ಬದುವಿನ ಮೇಲೆ ಕೂತುಬಿಟ್ಟೆ. ಹಿರಿಯಳು ಪಕ್ಕದಲ್ಲಿ ಕೂತು ನನ್ನ ಕೈಗೊಂದು ಕಡುಬು ಕೊಟ್ಟಳು. ತಾನು ಎಲೆಅಡಿಕೆ ಹಾಕಿಕೊಂಡಳು.

"ಒಂದ ದಾರಿ ಐತಿ ನೋಡು. ಬಯಕಿ ಉಣಿಸಿದ ಮ್ಯಾಲೆ ಹೆಣ್ಣಮಗಳನ್ನ ಹೆರಿಗಿಗೆ ತವರಿಗೆ ಕಳಿಸ್ತೀವಿಲ್ಲೋ? ತವರಿನಾಕಿ ಬಂದು ಬಿಡಿಸಿಕೊಂಡ್ರ ದೋಷಿಲ್ಲ."

"ಇದಕ್ಕ ತವರು ಯಾವುದು?"

"ಕಾಳು ಆರಿಸಿ ಗಾಜಿನ ಜಾಡ್ಯಾಗ ಇಟ್ಟು ಕಾದಾಕಿ ಯಾರು? ನೀನ. ನೀನ ಬಿಡಿಸು, ನೀನ ಇಟ್ಕೊ. ಬ್ಯಾರೆ ಯಾರಿಗೂ ಮುಟ್ಟಾಕ ಬಿಡೂದಿಲ್ಲ ನಾವು."

ಗಿಡದ ಸುತ್ತ ಜಾಲಿಮುಳ್ಳು ನೆಟ್ಟು ಹೆಂಗಸರು ಮನೆಗೆ ಹೋದರು. ನಾನು ಒಬ್ಬಳೇ ನಿಂತೆ. ಎರಡು ವರ್ಷದಿಂದ ಕಾಯ್ದದ್ದು ಕಣ್ಣೆದುರು ನಿಂತಿತ್ತು, ನಿಂತದ್ದು ಬದುವಿನ ಆ ಕಡೆ. ಹೆಂಗಸರಿಗೆ ಮೂವತ್ತು, ನಲವತ್ತರ ಲೆಕ್ಕ ಬೇಕಿರಲಿಲ್ಲ. ಗಿಡ ನನ್ನದೆಂದು ಅವರೇ ತೀರ್ಮಾನಿಸಿದ್ದರು. ಕಾಯಿ ಮಾಗಿದ ಮೇಲೆ ಬಿಡಿಸಿ, ನಲವತ್ತರ ಲಕೋಟೆಯಲ್ಲಿ ಹಾಕಿ, ಮುಂದಿನ ವರ್ಷ ನನ್ನ ಸಾಲಿನಲ್ಲಿ ಬಿತ್ತಿದರೆ ಕೇಳುವವರು ಯಾರು? ಎಂ.ಎಸ್ಸಿ. ನನ್ನದು. ಇದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಹೊತ್ತು, ಬಹಳ ರುಚಿಯಾಗಿ ಯೋಚಿಸಿದೆ.

ತಡೆದದ್ದು ಒಳ್ಳೆಯತನವಲ್ಲ. ನಲವತ್ತರಲ್ಲಿ ಸಿಕ್ಕಿತು ಎಂದು ಬರೆದರೆ ಅದನ್ನು ನಂಬಿ ಬೇರೆ ಯಾರೋ ನಲವತ್ತು ಹಾಯಿಸಿ ಬೀಜವನ್ನೆಲ್ಲ ಸುಟ್ಟುಕೊಳ್ಳುತ್ತಾರೆ, ಅದು ಒಂದು. ಇನ್ನೊಂದು, ನಿಜವಾದದ್ದು: ನನಗೆ ಅವನನ್ನು ಸೋಲಿಸಬೇಕಿತ್ತು. ಅವನ ಗಿಡದಿಂದಲೇ ಅವನನ್ನು ಸೋಲಿಸಿದರೆ ಗೆದ್ದವನು ಅವನೇ, ಮತ್ತು ಅದು ನನಗೆ ಜೀವಮಾನವಿಡೀ ಗೊತ್ತಿರುತ್ತದೆ. ಆ ಯೋಚನೆಗೇ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲೇ ರಸ್ತೆಗೆ ಬಂದು ಕೊಟ್ಟೂರಿನ ಬಸ್ಸಿಗೆ ಕೈ ಮಾಡಿದೆ.

ಅವರ ಮನೆಯವರೆಲ್ಲ ಹೊಲದಲ್ಲಿದ್ದರು. ಎಂಥ ಹೊಲ! ಎರೆ ಮಣ್ಣಿನ ಮುಂಗಾರಿ ಜೋಳ ಆಳೆತ್ತರ, ಬಾವಿಯ ಪಕ್ಕ ಬೇವಿನ ನೆರಳು, ಜಮಖಾನೆ ಹಾಸಿ ಊಟಕ್ಕೆ ಕೂತ ನೆಂಟರು. ಅವನ ತಾಯಿ ಹಣೆ ತುಂಬ ವಿಭೂತಿ ಇಟ್ಟುಕೊಂಡ ಗಟ್ಟಿಮುಟ್ಟು ಹೆಂಗಸು. ನಾನು ಯಾರು, ಯಾವ ಮನೆಯವಳು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. "ಬಾರವ್ವಾ, ಹೊತ್ತಿಗೆ ಸರಿಯಾಗಿ ಬಂದಿ" ಎಂದು ಎಲ್ಲರ ಸಾಲಿನಲ್ಲೇ ಎಲೆ ಹಾಕಿದರು. ಬೇರೆ ಕೂರಿಸಿದ್ದರೆ ಅವಮಾನವಾಯಿತೆಂದು ಎದ್ದು, ಹೇಳಬೇಕಾದ್ದನ್ನು ಹೇಳದೆ ವಾಪಸು ಹೋಗಬಹುದಿತ್ತು. ಆ ಮಹಾತಾಯಿ ಅದಕ್ಕೂ ಆಸ್ಪದ ಕೊಡಲಿಲ್ಲ. ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ನಾನು ಹೊಟ್ಟೆ ತುಂಬ ಉಂಡೆ, ಪ್ರತಿ ತುತ್ತಿಗೂ ಹೊಟ್ಟೆ ಉರಿಯಿತು.

ಅವನು ಎದುರು ಕೂತಿದ್ದ. "ಏನ್ರಿ, ಹಬ್ಬದ ದಿನ ಇಷ್ಟು ದೂರ?"

"ನಿಮ್ಮ ಮೂವತ್ತರಾಗ ನೆಟ್ಟಗಿಂದು ಒಂದು ಸಿಕ್ಕೈತಿ. ಕಾಯಿ ಆಗೈತಿ."

ಅವನ ಕೈ ಎಲೆಯ ಮೇಲೇ ನಿಂತಿತು. "ಎಷ್ಟನೇ ಸಾಲು?" ಮೊದಲ ಮಾತೇ ಅದು. ಹೇಳಿದೆ. ಎಂಜಲು ಕೈಯಲ್ಲೇ ಎದ್ದು ನಿಂತ, ಮತ್ತೆ ಕೂತ. ಆಮೇಲೆ ನನ್ನನ್ನು ನೋಡಿ ಸಣ್ಣ ದನಿಯಲ್ಲಿ, "ನೀವು ಹೇಳದಿದ್ರೂ ನಡೀತಿತ್ತಲ್ರಿ. ನಾನಾಗಿದ್ರ ಹೇಳ್ತಿದ್ನೋ ಇಲ್ಲೋ" ಎಂದ.

"ನನಗೂ ಹೇಳಾಕ ಮನಸ್ಸಿದ್ದಿಲ್ಲ" ಎಂದೆ.

ಅಂದು ಸಂಜೆಯೇ ಅವನು ನನ್ನ ಜೊತೆ ಬಂದು ಗಿಡಕ್ಕೆ ತನ್ನ ತಾಕಿನ ಚೀಟಿ ಕಟ್ಟಲು ಹೋದ. ಗಿಡ ನೋಡಲು ಮತ್ತೆ ಬಂದಿದ್ದ ಹಿರಿಯಳು ಮುಳ್ಳು ಸರಿಸಲು ಬಿಡಲಿಲ್ಲ. ಚೀಟಿಯನ್ನೂ ನಾನೇ ಕಟ್ಟಬೇಕಾಯಿತು, ಅವನು ಬದುವಿನ ಮೇಲೆ ನಿಂತು ದಾರ ಬಿಗಿಯಾಯಿತೇ ಎಂದು ಕೇಳುತ್ತಿದ್ದ. ಕಾಯಿ ಮಾಗಿದಾಗ ಬಿಡಿಸಿದವಳೂ ನಾನೇ. ಸಾಹೇಬರು ಬಂದು ಈ ಕಟ್ಟಳೆ ಕೇಳಿ ತಲೆ ಚಚ್ಚಿಕೊಂಡರು, ಆದರೂ ಒಪ್ಪಿಕೊಂಡರು. ಬೀಜ ನನ್ನ ಕಪಾಟಿನಲ್ಲೇ ಉಳಿಯಿತು.

ಮೂರನೇ ವರ್ಷ ನಿಜವಾದ ಪರೀಕ್ಷೆ. ಮಕ್ಕಳೂ ನೆಟ್ಟಗೆ ನಿಂತರೆ ಗುಣ ಸ್ಥಿರ. ಕೆಲವು ನಿಂತು ಕೆಲವು ಹಬ್ಬಿದರೆ ಯಾವುದೋ ಬೆರಕೆ, ಅಷ್ಟೂ ದಂಡ. ಬಿತ್ತಿ, ಕಳೆ ತೆಗೆಸಿ, ದಿನವೂ ನೋಡಿದೆ. ಹಬ್ಬಲಿ ಎಂದು ಆಸೆಪಟ್ಟ ದಿನಗಳೂ ಇದ್ದವು. ಒಂದು ಗಿಡದ ತುದಿ ಸ್ವಲ್ಪ ಬಾಗಿದಾಗ ಖುಷಿಯಿಂದ ಓಡಿ ನೋಡಿದರೆ ಮಿಡತೆ ಕೂತಿತ್ತು. ಒಂದೂ ಹಬ್ಬಲಿಲ್ಲ. ಸಾಲಿಗೆ ಸಾಲೇ ನೆಟ್ಟಗೆ ನಿಂತು, ಪಕ್ಕದ ಬಳ್ಳಿಗಳು ಹೂ ಬಿಡುವ ಮೊದಲೇ ಕಾಯಿ ತುಂಬಿಕೊಂಡಿತು. ಆಗ ನನಗೆ ಕಣ್ಣೀರು ಬಂತು. ಚೆಂದಕ್ಕೆ ಬಂತೋ ಸಂಕಟಕ್ಕೆ ಬಂತೋ, ಎರಡೂ ಸೇರಿಯೇ ಬಂದಿರಬೇಕು.

ಸುಗ್ಗಿಯಾದ ಮೇಲೆ ಸಾಹೇಬರು ಇಬ್ಬರನ್ನೂ ಕರೆದರು. ಗಿಡ ನೋಡಿದವಳು ನಾನು ಎಂದು ಅವನೇ ಹೇಳಿದ. ಸಾಹೇಬರು ತಲೆಯಾಡಿಸಿ, "ತಾಕು ಯಾರದೋ ಅವರದೇ. ಮೊದಲೇ ಹೇಳಿದ್ದೆನಲ್ಲ" ಎಂದರು. ಓದು ಅವನಿಗೆ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಸುಮ್ಮನೆ ಹೊರಗೆ ಬರುತ್ತಿದ್ದೆ. "ಬೀಜವನ್ನೂ ಅವನ ಜೊತೆ ಕಳಿಸೋಣ, ಅದರ ಮೇಲೇ ಪ್ರಬಂಧ ಬರೀಲಿ" ಎಂದುಬಿಟ್ಟರು.

"ಇಲ್ರಿ" ಎಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು. "ಓದು ಅವರಿಗೆ ಕೊಡ್ರಿ. ಹುರಳಿ ಕೊಡೂದಿಲ್ಲ. ಬ್ಯಾಸಿಗಿ ಬೆಳಿ, ಊರೂರಿನ ಪರೀಕ್ಷಾ ಬೆಳಿ, ಎಲ್ಲಾ ನಾನ ಮಾಡ್ತೀನಿ. ಎರಡೂ ಅವರಿಗಂದ್ರ ನಾಳಿಂದ ನಾನೂ ಬರೂದಿಲ್ಲ, ಆ ಹೆಣ್ಣಮಕ್ಕಳೂ ಬರೂದಿಲ್ಲ."

ಸಾಹೇಬರು ಸಿಟ್ಟಾಗುತ್ತಾರೆಂದುಕೊಂಡೆ. ಕನ್ನಡಕ ತೆಗೆದು ಒರೆಸುತ್ತಾ ಅವನ ಕಡೆ ನೋಡಿದರು. ಅವನು, "ಹುರಳಿ ಇಲ್ಲೇ ಇರ್ಲಿ ಸರ್" ಎಂದ.

ಮಾಮೂಲಿ ಹುರುಳಿ ಬೇಸಿಗೆಯ ದೀರ್ಘ ಹಗಲಿನಲ್ಲಿ ಹೂ ಬಿಡುವುದಿಲ್ಲ. ಇದು ಬಿಡುತ್ತದೆಯೇ ನೋಡಲು, ಬಿಟ್ಟರೆ ಬೀಜ ಹೆಚ್ಚಿಸಿಕೊಳ್ಳಲು, ತುಂಗಭದ್ರೆಯ ದಂಡೆಯ ಹಲವಾಗಲು ಎಂಬ ಊರಿನಲ್ಲಿ ನೀರಿನ ಆಸರೆಯ ಒಂದು ತುಂಡು ಹೊಲ ಗೊತ್ತು ಮಾಡಿದ್ದೆ. ನಾನು ಬೀಜದ ಚೀಲ ಹಿಡಿದು ಹೊರಟ ದಿನವೇ ಅವನೂ ಓದಿಗೆ ಹೊರಟ. ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಒಂದೇ ಬಸ್ಸು, ಅಲ್ಲಿಂದ ಅವನ ದಾರಿ ಬೇರೆ. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಅವನ ಬಸ್ಸು ಮೊದಲು ಬಂತು. ಟ್ರಂಕು ಮೇಲೆ ಹಾಕಿಸಿ ನನ್ನ ಹತ್ತಿರ ಬಂದು ಕರ್ಚೀಫು ಹಾಸಿ ಹಿಡಿದ.

"ಒಂದು ಹಿಡಿ ಕೊಡ್ರಿ. ಪ್ರಬಂಧಕ್ಕ ಅಲ್ಲ. ನನ್ನ ಹತ್ರ ಇರ್ಲಿ ಅಂತ."

ಚೀಲದ ಬಾಯಿ ಬಿಚ್ಚಿದೆ. ಅವನು ಕೈ ಹಾಕಲು ಬಂದ. ನಾನು ಬಿಡದೆ ನನ್ನ ಕೈ ಹಾಕಿ ಒಂದು ಹಿಡಿ ತೆಗೆದು ಹಾಕಿದೆ. ಅವನ ಹಿಡಿ ನನ್ನದಕ್ಕಿಂತ ಬಹಳ ದೊಡ್ಡದು. ಅದು ಅವನಿಗೂ ಅರ್ಥವಾಯಿತು, ನಕ್ಕು ಗಂಟು ಕಟ್ಟಿಕೊಂಡ.

"ನನ್ನ ಮ್ಯಾಲೆ ಇನ್ನೂ ಸಿಟ್ಟೇನ್ರಿ?"

"ಸಿಟ್ಟಲ್ಲ, ಹೊಟ್ಟಿಕಿಚ್ಚು" ಎಂದೆ. "ಚೆಂದಂಗ ಓದ್ರಿ. ನಾನು ಓದಿದ್ರ ಹೆಂಗ ಓದ್ತಿದ್ನೋ ಹಂಗ ಓದ್ರಿ."

ಬಸ್ಸು ಹೊರಟಿತು. ಅವನು ಕಿಟಕಿಯಿಂದ ತಲೆ ಹೊರಹಾಕಿ, ಕಾಣುವವರೆಗೂ ಕೈ ಬೀಸಿದ. ನಾನು ಬೀಸಲಿಲ್ಲ. ಎರಡೂ ಕೈಯಲ್ಲಿ ಚೀಲದ ಬಾಯಿ ಹಿಡಿದುಕೊಂಡಿದ್ದೆ.